ಮೊದಲ ಮಾತು ಹಿಂದಿನ ಸೀಟಿನದು

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಬೇಕಂತೆ. ಊರಿನ ಟ್ಯಾಕ್ಸಿ ಮಂಡಳಿಯವರ ಅಪ್ಪಣೆ.

ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಎಲ್ಲರ ಫೋನೂ ಒಟ್ಟಿಗೇ ಟಿಣ್ ಎಂದವು. ‘ಟ್ಯಾಕ್ಸಿ ಉದ್ಯಮಕ್ಕೆ ಪರಿಷ್ಕೃತ ನಿಯಮಗಳು’ ಎಂಬ ಸುತ್ತೋಲೆ. ಟೈರು, ಬ್ರೇಕು, ಸೀಟಿನ ಹೊದಿಕೆ ಎಲ್ಲ ದಾಟಿ ಕೆಳಗೆ ಬಂದರೆ ಹೀಗಿತ್ತು: ‘ಪ್ರಯಾಣಿಕರು ತಾವಾಗಿ ಮಾತನಾಡಿಸದ ಹೊರತು ಚಾಲಕರು ಯಾವುದೇ ಸಂಭಾಷಣೆಯನ್ನು ಆರಂಭಿಸತಕ್ಕದ್ದಲ್ಲ. ದಾರಿ, ದರ ಮತ್ತು ಸುರಕ್ಷತೆಯ ವಿಷಯಗಳಿಗೆ ವಿನಾಯಿತಿ ಇರುತ್ತದೆ.’ ಮೂರು ದೂರು ಬಂದರೆ ಬ್ಯಾಡ್ಜ್ ಅಮಾನತು. ಸದ್ಯಕ್ಕೆ ಪ್ರಾಯೋಗಿಕವಂತೆ. ಪ್ರಯೋಗ ಮಾಡಲು ಇವರಿಗೆ ನನ್ನ ಬಾಯೇ ಸಿಗಬೇಕಿತ್ತೆ?

ಕಾನೂನು ಪಾಯಿಂಟು ಎತ್ತುವುದರಲ್ಲಿ ಎತ್ತಿದ ಕೈಯಾದ್ದರಿಂದ ನಾವು ಲಾಯರ್ ಎಂದು ಕರೆಯುವ ಡ್ರೈವರ್ ಇದನ್ನು ಗಟ್ಟಿಯಾಗಿ ಓದಿ ಮುಗಿಸಿದ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಸ್ಟ್ಯಾಂಡಿನಲ್ಲಿ ನನಗೆ ರೇಡಿಯೊ ಎಂದು ಹೆಸರು.

“ಇನ್ಮೇಲೆ ಸ್ಟೇಷನ್ ಬಂದ್,” ಎಂದ ಲಾಯರ್. “ಇದು ನಿನ್ನೊಬ್ಬನಿಗೋಸ್ಕರ ಮಾಡಿರೋ ರೂಲು ಕಣೋ. ನಾವೆಲ್ಲ ಸುಮ್ನೆ ಜೊತೆಗೆ ಸಿಕ್ಕಿಹಾಕ್ಕೊಂಡ್ವಿ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷ ನನ್ನ ಗಾಡಿ ಹತ್ತಿದವರು ಯಾರೂ ಬೇಜಾರು ಎಂದು ಇಳಿದಿಲ್ಲ. ಮಾತಿಲ್ಲದ ಟ್ಯಾಕ್ಸಿಗೂ ಸಾಮಾನು ಸಾಗಿಸುವ ಲಾರಿಗೂ ಏನು ವ್ಯತ್ಯಾಸ?

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಲು ಶುರು ಮಾಡಿದೆ. ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಯಂತ್ರ ನಿಲ್ಲಿಸದೆಯೇ, “ರೀ, ಗಾಡೀಲಿ ಆಡದೆ ಉಳಿದಿದ್ದನ್ನೆಲ್ಲ ತಂದು ನನ್ನ ತಲೆ ಮೇಲೆ ಸುರೀಬೇಡಿ. ಬರ್ಕೊಳ್ಳಿ,” ಎಂದು ಅವಳ ಅಳತೆ ಬರೆಯುವ ಹಳೆಯ ಪುಸ್ತಕವನ್ನು ನನ್ನ ಕೈಗೆ ಹಾಕಿದಳು. ಹಿಂದಿನ ಹಾಳೆಗಳು ಖಾಲಿ ಇವೆ. ಹಾಗಾಗಿ ಬರೆಯುತ್ತಿದ್ದೇನೆ.

ಮಗಳು ಕೋಣೆಯಲ್ಲಿದ್ದಾಳೆ. ಗಂಡನ ಮನೆಯಿಂದ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು, ತಿಂಗಳು ಕಳೆದರೂ ಹೊರಡುವ ಸುದ್ದಿಯೇ ಇಲ್ಲ. ಯಾಕೆ ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲ. ಮಂಡಳಿಯವರಿಗೆ ಎಂಥ ಡ್ರೈವರ್ ಬೇಕೋ ನನಗೆ ಅಂಥ ಮಗಳಿದ್ದಾಳೆ.

ಮಾರ್ಚ್ ೫, ಬುಧವಾರ

ಬಾಯಿ ಮುಚ್ಚಿಕೊಂಡಿರುವುದು ಗಾಡಿ ತಳ್ಳಿದ್ದಕ್ಕಿಂತ ಸುಸ್ತು.

ಒಬ್ಬ ಹತ್ತಿದ, ಫೋನು ನೋಡಿದ, ಇಳಿದ. ಇನ್ನೊಬ್ಬ ಹತ್ತಿದ, ನಿದ್ದೆ ಮಾಡಿದ, ಇಳಿದ. ಮೂರನೆಯವರು ಗಂಡ ಹೆಂಡತಿ. ಮನೆ ಜಗಳವನ್ನು ದಾರಿಯುದ್ದಕ್ಕೂ ಆಡಿದರು, ನಾನು ಇದ್ದೇನೆ ಎಂಬ ಪರಿವೆಯೇ ಇಲ್ಲ. ತಪ್ಪು ಯಾರದ್ದು ಎಂದು ನನಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಹೇಳುವಂತಿಲ್ಲ. ನಾಲಿಗೆ ಕಚ್ಚಿಕೊಂಡೆ ಎಂದರೆ ನಿಜವಾಗಿಯೂ ಕಚ್ಚಿಕೊಂಡೆ, ಊಟ ಮಾಡುವಾಗ ಖಾರ ತಗುಲಿ ಉರಿಯಿತು.

ಮಾರ್ಚ್ ೮, ಶನಿವಾರ

ಮೊದಲ ದೂರು ಬಂತು.

ಒಬ್ಬ ಮನುಷ್ಯ ಮಡಿಲಲ್ಲಿ ಹೂವಿನ ಕುಂಡ ಇಟ್ಟುಕೊಂಡು ಕೂತಿದ್ದ. ಎಲೆಗಳೆಲ್ಲ ಹಳದಿ. ನೀರು ಹೆಚ್ಚಾಗಿ ಬೇರು ಕೊಳೆತ ಗಿಡ ಅದು, ಕುರುಡನಿಗೂ ಗೊತ್ತಾಗುತ್ತದೆ. ಎರಡು ಸಿಗ್ನಲ್ ತಡೆದೆ. ಮೂರನೆಯದರಲ್ಲಿ ಬಾಯಿ ಜಾರಿತು: “ಸಾರ್, ನೀರು ಕಮ್ಮಿ ಮಾಡಿ.” ಅಷ್ಟೇ! ಆಮೇಲೆ ಮಣ್ಣಿನ ಬಗ್ಗೆ, ಗೊಬ್ಬರದ ಬಗ್ಗೆ, ನಮ್ಮ ಮೆಟ್ಟಿಲ ಮೇಲಿನ ಕುಂಡಗಳ ಬಗ್ಗೆ ಒಂದೆರಡು ಮಾತು. ಅವನು ಹೂಂ ಹೂಂ ಎಂದು ಕೇಳಿಸಿಕೊಂಡ, ಇಳಿದು ಹೋಗಿ ದೂರು ಬರೆದ. ಗಿಡ ಸಾಯುತ್ತದೆ, ನೋಡುತ್ತಿರಲಿ.

ಸಂಜೆ ಬೀಗರು ಫೋನ್ ಮಾಡಿದ್ದರು. ಅಳಿಯನ ತಂದೆ ಗಂಭೀರ ಮನುಷ್ಯ. “ಸೊಸೇನ ಯಾವಾಗ ಕಳಿಸ್ತೀರಿ? ನಾಲ್ಕು ಜನ ಕೇಳ್ತಾರೆ,” ಎಂದರು. ಪಾಪ, ಅವರಿಗೂ ಮುಜುಗರವೇ. ಇಡೀ ದಿನ ತಡೆದಿಟ್ಟ ಮಾತು ನನ್ನಲ್ಲಿತ್ತಲ್ಲ, ಧಾರಾಳವಾಗಿ ಮಾತಾಡಿದೆ. ಏಪ್ರಿಲ್ ಮೊದಲ ಭಾನುವಾರ ನಾನೇ ಗಾಡಿಯಲ್ಲಿ ಕರೆದುಕೊಂಡು ಬಂದು ಬಿಡುತ್ತೇನೆಂದು ಮಾತು ಕೊಟ್ಟೆ.

ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. “ನೋಡು, ಆ ಮನೇಲಿ ಯಾರೂ ಕೈ ಎತ್ತಲ್ಲ, ಕುಡಿಯಲ್ಲ. ಸಂಸಾರ ಅಂದ್ಮೇಲೆ ಸಣ್ಣಪುಟ್ಟದ್ದು ಇರ್ತದೆ. ನಾನೂ ನಿಮ್ಮಮ್ಮನೂ ಜಗಳ ಆಡಿಲ್ವಾ?” ಎಂದು ಶುರು ಮಾಡಿ, ಹೊಂದಿಕೊಳ್ಳುವುದು ಹೇಗೆ ಎಂದು ಊಟ ಮುಗಿಯುವವರೆಗೂ ವಿವರಿಸಿದೆ. ಅವಳು ತಟ್ಟೆ ನೋಡುತ್ತಾ ಕೂತಿದ್ದಳು. ಒಂದು ಮಾತೂ ಎದುರಾಡಲಿಲ್ಲ. ಒಪ್ಪಿಕೊಂಡಳು ಎಂದೇ ಅರ್ಥ.

ಹೆಂಡತಿ ಮಾತ್ರ ಎದ್ದು ಹೋಗಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗಿದಳು. ಅವಳ ಕೋಪ ಕಾಲಿನಲ್ಲಿರುತ್ತದೆ.

ಮಾರ್ಚ್ ೧೨, ಬುಧವಾರ

ಎರಡನೆಯ ದೂರು. ನಾನು ಮಾತಾಡಲಿಲ್ಲ, ಕೆಮ್ಮಿದೆ. ‘ಚಾಲಕರು ಗಮನ ಸೆಳೆಯುವಂತೆ ಪದೇ ಪದೇ ಕೆಮ್ಮಿದರು’ ಎಂದು ಬರೆದಿದ್ದಾಳೆ ಹಿಂದೆ ಕೂತಿದ್ದ ಪುಣ್ಯಾತ್ಗಿತ್ತಿ. ನಿಜ ಹೇಳಬೇಕೆಂದರೆ ಗಮನ ಸೆಳೆಯಲಿ ಎಂದೇ ಕೆಮ್ಮಿದ್ದು.

ಮಾರ್ಚ್ ೧೯, ಬುಧವಾರ

ಮಂಡಳಿಯ ಕಚೇರಿಗೆ ಕರೆಸಿದ್ದರು. ಬಣ್ಣ ಮಾಸಿದ ಬೆಂಚಿನ ಮೇಲೆ ಸಾಕಷ್ಟು ಹೊತ್ತು ಕೂರಿಸಿ ಆಮೇಲೆ ಒಳಗೆ ಬಿಟ್ಟರು. ಅಧಿಕಾರಿ ಹೆಂಗಸು, ನನ್ನ ತಂಗಿಯ ವಯಸ್ಸು. ಬೈಯುತ್ತಾರೆ ಎಂದುಕೊಂಡಿದ್ದೆ, ನೀರು ಕೊಟ್ಟರು.

“ನಿಮ್ಮ ಮೇಲೆ ನಮಗೇನು ದ್ವೇಷ ಇಲ್ಲ. ಜನ ದಣಿದು ಹತ್ತಿರ್ತಾರೆ. ಅವರ ಪಾಡಿಗೆ ಬಿಡಿ ಅಂತ ಅಷ್ಟೇ,” ಎಂದರು.

ನನಗೆ ಏನನ್ನಿಸಿತೋ, ಕೇಳಿಯೇ ಬಿಟ್ಟೆ. “ಮೇಡಂ, ನೀವಿಲ್ಲಿ ಕೂತಿದ್ದೀರಿ. ಈ ಕೋಣೆಗೆ ಬರೋರೆಲ್ಲ ಖಾಲಿ ಕುರ್ಚಿ ನೋಡಿದ ಹಾಗೆ ನಿಮ್ಮನ್ನ ನೋಡಿ ಹೋಗ್ತಾರೆ ಅಂದ್ಕೊಳ್ಳಿ. ಇವತ್ತೊಂದಿನ ಅಲ್ಲ, ದಿನಾ. ಕೈಗೆಟುಕೋ ದೂರದಲ್ಲಿ ಮನುಷ್ಯ ಇದ್ದಾನೆ, ಅವನ ಉಸಿರು ಕೇಳಿಸ್ತದೆ, ಆದ್ರೆ ಅವನ ಪಾಲಿಗೆ ನೀವಿಲ್ಲ. ನಿನ್ನೆ ನಾನು ಇದ್ದೀನೋ ಇಲ್ವೋ ಅಂತ ನನಗೇ ಅನುಮಾನ ಬಂತು. ಖಾಲಿ ಗಾಡೀಲಿ ಒಂದ್ಸಲ ಹಲೋ ಅಂದು ನೋಡಿದೆ.”

ಅವರು ನಗಲಿಲ್ಲ. ಏನೋ ಬರೆದುಕೊಂಡರು. “ಇನ್ನೊಂದು ದೂರು ಬಂದ್ರೆ ನಾನೂ ಏನೂ ಮಾಡೋಕಾಗಲ್ಲ, ಹುಷಾರು,” ಎಂದು ಕಳಿಸಿದರು.

ಈ ಬ್ಯಾಡ್ಜ್ ಹೋದರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ಇನ್ನು ಮೇಲೆ ಕೆಮ್ಮು ಬಂದರೂ ನುಂಗಿಕೊಳ್ಳಬೇಕು.

ಮಾರ್ಚ್ ೨೪, ಸೋಮವಾರ

ಇವತ್ತೊಂದು ವಿಚಿತ್ರ ನಡೆಯಿತು. ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಹೆಂಗಸು ಹತ್ತಿದರು. ವಿಳಾಸ ಹೇಳಿದ್ದೇ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಮೊದಲಾಗಿದ್ದರೆ ನಾನು ಅರ್ಧ ದಾರಿಯೊಳಗೆ ಅವರ ಕಣ್ಣೊರೆಸಿ, ನನ್ನ ಅಣ್ಣನಿಗೆ ಆಪರೇಷನ್ ಆದ ಕಥೆ ಹೇಳಿ, ಧೈರ್ಯ ತುಂಬಿ ಇಳಿಸುತ್ತಿದ್ದೆ. ಬ್ಯಾಡ್ಜಿನ ಹೆದರಿಕೆಗೆ ಹಲ್ಲು ಕಚ್ಚಿ ಕೂತೆ. ಹೊಂಡ ಬಂದಲ್ಲಿ ನಿಧಾನ ಮಾಡಿದೆ. ಹಾರ್ನ್ ಹೊಡೆಯಲಿಲ್ಲ. ಬಿಸಿಲು ಅವರ ಮುಖಕ್ಕೆ ಬೀಳದ ಹಾಗೆ ಎಡಗಡೆಯ ರಸ್ತೆ ಹಿಡಿದೆ. ಅಷ್ಟು ಬಿಟ್ಟು ಇನ್ನೇನು ಮಾಡಲು ಬರುತ್ತದೆ ಬಾಯಿಲ್ಲದವನಿಗೆ?

ಇಳಿದು, ಕಿಟಕಿಯ ಹತ್ತಿರ ಬಗ್ಗಿ, “ತುಂಬಾ ಉಪಕಾರ ಆಯ್ತಣ್ಣ. ಬೆಳಿಗ್ಗೆಯಿಂದ ಎಲ್ರೂ ಏನಾದ್ರೂ ಹೇಳ್ತಾನೇ ಇದ್ರು,” ಎಂದರು.

ಏನೂ ಮಾಡದಿದ್ದಕ್ಕೆ ಉಪಕಾರವಂತೆ! ಜನ ಎಂಥೆಂಥವರು ಇರುತ್ತಾರೆ. ಲಾಯರ್‌ಗೆ ಹೇಳೋಣ ಎಂದುಕೊಂಡೆ, ಯಾಕೋ ಹೇಳಲಿಲ್ಲ.

ಮಾರ್ಚ್ ೨೯, ಶನಿವಾರ

ಊಟದ ಹೊತ್ತಿಗೆ ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರಾನಾ?”

“ಯಾಕೆ?”

“ಬಂದು ಕೂತು ಇಷ್ಟೊತ್ತಾಯ್ತು, ಏನೂ ಹೇಳ್ಲಿಲ್ವಲ್ಲ.”

ಹೇಳಲು ಏನಿದೆ? ಹಗಲೆಲ್ಲ ಬಾಯಿ ಮುಚ್ಚಿ ಮುಚ್ಚಿ ದವಡೆ ಬಿಗಿದುಹೋಗಿದೆ, ಮನೆಗೆ ಬಂದ ಕೂಡಲೇ ಸಡಿಲವಾಗುವುದಿಲ್ಲ. ಇದು ಮಂಡಳಿಯವರು ಅಂಟಿಸಿದ ಕಾಯಿಲೆ.

ಮಗಳು ಇವತ್ತು ತಾನಾಗಿಯೇ, “ಬಚ್ಚಲಿನ ನಲ್ಲಿ ಸೋರ್ತಿದೆ ಅಪ್ಪ,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಮದುವೆಗೆ ಮುಂಚೆ ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯ ಬಗ್ಗೆ ಹೇಳಿದಳು. ಮೊದಲ ಸಲ ಕನ್ನಡಕ ಹಾಕಿಸಿಕೊಂಡವರು ಅಂಗಡಿಯಿಂದ ಹೊರಗೆ ಹೋಗಿ ಮರದ ಎಲೆ ನೋಡಿ ಬೆರಗಾಗುತ್ತಿದ್ದರಂತೆ, ಅದನ್ನು ನೋಡುವುದು ಅವಳಿಗೆ ಬಹಳ ಇಷ್ಟವಿತ್ತಂತೆ. ಅಲ್ಲಿ ಅಷ್ಟು ದಿನ ಕೆಲಸ ಮಾಡಿದರೂ ನನಗೆ ಇದನ್ನು ಹೇಳಿಯೇ ಇರಲಿಲ್ಲ. ಈಗಿನ ಮಕ್ಕಳು ಅಪ್ಪಂದಿರಿಗೆ ಏನೂ ಹೇಳುವುದಿಲ್ಲ.

ಇನ್ನು ಒಂದು ವಾರದಲ್ಲಿ ಅವಳನ್ನು ಬಿಟ್ಟುಬರಬೇಕು. ಮಾತು ಕೊಟ್ಟಾಗಿದೆ.

ಏಪ್ರಿಲ್ ೬, ಭಾನುವಾರ

ಇವತ್ತು ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ಹೊರಟೆವು. ಹೆಂಡತಿ ಬಾಗಿಲಿಗೆ ಬಂದಳು, ನನ್ನ ಮುಖ ನೋಡಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಟೈರು ಜಾಗ ತುಂಬಿತ್ತು, ಸೂಟ್‌ಕೇಸನ್ನು ಮುಂದಿನ ಸೀಟಿನಲ್ಲಿಟ್ಟೆ. ಹಾಗಾಗಿ ಮಗಳು ಹಿಂದೆ ಕೂತಳು. ನಾನು ದಾರಿಯಲ್ಲಿ ಅವಳಿಗೆ ಹೇಳಬೇಕಾದ ಬುದ್ಧಿಮಾತನ್ನೆಲ್ಲ ಹಿಂದಿನ ದಿನವೇ ಜೋಡಿಸಿಕೊಂಡಿದ್ದೆ. ಆದರೆ ಹಿಂದಿನ ಬಾಗಿಲು ಧಪ್ ಎಂದಿದ್ದೇ ತಡ, ಬಾಯಿ ಕಟ್ಟಿಹೋಯಿತು. ದಿನಾ ಹಾಗೇ ಆಗಿ ಆಗಿ ಅಭ್ಯಾಸ. ಸೇತುವೆ ದಾಟಿತು, ಮಾರುಕಟ್ಟೆ ದಾಟಿತು. ಒಂದು ಮಾತೂ ಬರಲೊಲ್ಲದು. ಕನ್ನಡಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ರೈಲ್ವೆ ಗೇಟ್ ಹಾಕಿತ್ತು. ಅದರಾಚೆ ಬೀಗರ ಬಡಾವಣೆ. ಎಂಜಿನ್ ನಿಲ್ಲಿಸಿದೆ.

“ಅಪ್ಪ,” ಎಂದಳು. “ಮೀಟರ್ ಓಡ್ತಿದೆ.”

ನೋಡುತ್ತೇನೆ, ಹೌದು! ಹಿಂದಿನ ಬಾಗಿಲು ಹಾಕಿದ ಕೂಡಲೇ ಕೈ ತಾನಾಗಿ ಮೀಟರ್ ಹಾಕಿಬಿಟ್ಟಿದೆ. ಸ್ವಂತ ಮಗಳಿಗೆ! ನಾಚಿಕೆಯಿಂದ ಮುಖ ಬಿಸಿಯಾಯಿತು. ಅವಳು ನಕ್ಕಳು. ಈ ಸಲ ಬಂದಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಗುತ್ತಾ ನಗುತ್ತಾ ಅಳತೊಡಗಿದಳು.

ನಾನು ಹಿಂದೆ ತಿರುಗಲಿಲ್ಲ. ಮೀಟರ್ ಆರಿಸಿ ಸುಮ್ಮನೆ ಕೂತೆ.

“ನೀವು ಏನೂ ಕೇಳಲ್ವಾ ಅಪ್ಪ?”

“ನೀನು ಹೇಳಿದ್ರೆ ಕೇಳ್ತೀನಮ್ಮ,” ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ರೈಲು ಬಂತು, ಹೋಯಿತು. ಆಮೇಲೆ ಹೇಳಿದಳು. ಮತ್ತೆ ಕನ್ನಡಕದ ಅಂಗಡಿಗೆ ಹೋಗುತ್ತೇನೆ ಎಂದು ಗಂಡನನ್ನು ಕೇಳಿದಳಂತೆ. ಅವನು ಬೇಡ ಎನ್ನಲಿಲ್ಲ, ಮಾತು ಬಿಟ್ಟ. ಮರುದಿನದಿಂದ ಅತ್ತೆಯೂ ಬಿಟ್ಟರು, ಮಾವನೂ ಬಿಟ್ಟರು. ಬೈಗುಳವಿಲ್ಲ, ಹೊಡೆತವಿಲ್ಲ.

“ಅವರವರು ಮಾತಾಡ್ಕೋತಾರೆ ಅಪ್ಪ, ನಗ್ತಾರೆ. ನಾನು ಹೋಗಿ ಕೂತ್ರೆ ನನ್ನ ತಲೆ ಮೇಲಿಂದಾನೇ ಮಾತಾಡ್ತಾರೆ. ತಟ್ಟೆ ಇಟ್ರೆ, ಅದು ತಾನಾಗೇ ಬಂದ ಹಾಗೆ ತಿಂದು ಏಳ್ತಾರೆ. ನಾನು ಏನಾದ್ರೂ ಕೇಳಿದ್ರೆ ಯಾರೂ ತಲೆ ಎತ್ತಲ್ಲ. ಮಳೆಗಾಲದಲ್ಲಿ ಶುರುವಾಗಿದ್ದು. ಒಂದಿನ ದಿನಸಿ ಅಂಗಡಿಯವನು ಚಿಲ್ಲರೆ ಕೊಡ್ತಾ ‘ಚೆನ್ನಾಗಿದ್ದೀರಾಮ್ಮ’ ಅಂದ. ಅಲ್ಲೇ ನಿಂತು ಅತ್ತುಬಿಟ್ಟೆ. ಮನೆಗೆ ಬಂದು ಬಾಗಿಲು ಹಾಕ್ಕೊಂಡು ನನ್ನ ಹೆಸರನ್ನ ನಾನೇ ಕೂಗಿ ನೋಡ್ಕೊಂಡೆ.”

ಇದು ನನಗೆ ಗೊತ್ತು. ಯಾರೋ ಹೇಳಿ ಗೊತ್ತಾದದ್ದಲ್ಲ. ಒಂದು ತಿಂಗಳಿಂದ ಇದೇ ಸೀಟಿನಲ್ಲಿ ಕೂತು ಉಂಡಿದ್ದೇನೆ. ನನಗಾದರೆ ಅವರೆಲ್ಲ ಪರಕೀಯರು, ಸಂಜೆಯಾದರೆ ಮನೆ ಇತ್ತು, ಜಗಳವಾಡಲು ಹೆಂಡತಿ ಇದ್ದಳು. ನನ್ನ ಮಗಳಿಗೆ ಮನೆಯೇ ಹಾಗಿತ್ತು. ಹಗಲೂ ಅದೇ, ಹಾಸಿಗೆಯಲ್ಲೂ ಅದೇ. ದುಃಖ ಉಕ್ಕಿ ಬಂತು. ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

“ಯಾಕಮ್ಮ ಮುಂಚೆ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ಬರ್ತಿದ್ದೆ. ನೀವು ಬಾಗಿಲಲ್ಲೇ ಶುರು ಮಾಡ್ತಿದ್ರಿ.”

ಆ ಮಾತು ನನಗೆ ಅಷ್ಟು ಅರ್ಥವಾಗಲಿಲ್ಲ. ನಾನು ಏನು ಶುರು ಮಾಡುತ್ತಿದ್ದೆ? ಇರಲಿ, ಅಳುವಾಗ ಮನುಷ್ಯರು ಏನೇನೋ ಹೇಳುತ್ತಾರೆ.

ಗೇಟ್ ತೆರೆಯಿತು. ಹಿಂದಿನವರು ಹಾರ್ನ್ ಹೊಡೆದು ಬೊಬ್ಬೆ ಹಾಕಿದರು. ನಾನು ಬಲಗಡೆ ಇಂಡಿಕೇಟರ್ ಹಾಕಿ, ಅಷ್ಟು ಗಾಡಿಗಳ ನಡುವೆ ಹಿಂದೆ ಮುಂದೆ ಮಾಡಿ, ಬೈಸಿಕೊಂಡು, ಗಾಡಿ ತಿರುಗಿಸಿದೆ.

“ಎಲ್ಲಿಗಪ್ಪ?”

“ಮನೆಗೆ.”

ಬಾಗಿಲಲ್ಲಿ ಹೆಂಡತಿ ಸೂಟ್‌ಕೇಸ್ ನೋಡಿದಳು, ಮಗಳನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಅವಳು ನನ್ನನ್ನು ಹಾಗೆ ನೋಡಿ ಬಹಳ ಕಾಲವಾಗಿತ್ತು. ನಾನು ಹೋಗಿ ಬಚ್ಚಲಿನ ನಲ್ಲಿ ರಿಪೇರಿ ಮಾಡಿದೆ.

ಏಪ್ರಿಲ್ ೭, ಸೋಮವಾರ

ಬೀಗರ ಫೋನ್. “ಕಾದಿದ್ವಿ, ಬರಲಿಲ್ಲ,” ಎಂದರು.

“ಹೌದು, ಬರಲಿಲ್ಲ,” ಎಂದೆ.

ಅವರು ಮುಂದಿನದಕ್ಕೆ ಕಾದರು. ನಾನೂ ಕಾದೆ. ಅವರೇ ಇಟ್ಟರು.

ಏಪ್ರಿಲ್ ೧೫, ಮಂಗಳವಾರ

ಮತ್ತೆ ಎಲ್ಲರ ಫೋನೂ ಟಿಣ್ ಎಂದವು. ಮಂಡಳಿಯವರು ನಿಯಮ ಸಡಿಲಿಸಿದ್ದಾರೆ. ಚಾಲಕರು ನಮಸ್ಕಾರ ಹೇಳಬಹುದು, ಕುಶಲ ಕೇಳಬಹುದು, ಪ್ರಯಾಣಿಕರು ಬೇಡವೆಂದರೆ ನಿಲ್ಲಿಸಬೇಕು. ಹಳೆಯ ದೂರುಗಳೆಲ್ಲ ರದ್ದು. ‘ಚಾಲಕರೊಬ್ಬರ ಅಹವಾಲನ್ನು ಪರಿಗಣಿಸಿ’ ಎಂದು ಬರೆದಿದ್ದಾರೆ. ಯಾರೋ ಬುದ್ಧಿವಂತ ಹೋಗಿ ಸರಿಯಾಗಿ ವಾದ ಮಾಡಿರಬೇಕು. ಅದು ತಾನೇ ಎಂದು ಲಾಯರ್ ಎದೆ ಉಬ್ಬಿಸಿಕೊಂಡು ಎಲ್ಲರಿಗೂ ಚಹಾ ಕೊಡಿಸಿದ. “ರೇಡಿಯೊ ಚಾಲೂ!” ಎಂದು ನನ್ನ ಬೆನ್ನಿಗೆ ಗುದ್ದಿದರು.

ದಿನವಿಡೀ ಓಡಿಸಿದೆ. ಮಾತಾಡಬಹುದಿತ್ತು. ಯಾಕೋ ಒಂದೂ ಹೊಳೆಯಲಿಲ್ಲ. ಒಬ್ಬ ಮುದುಕರು ಹತ್ತಿ, ತಮ್ಮ ತಂದೆ ಈಜು ಕಲಿಸಿದ್ದನ್ನು ಮನೆ ಮುಟ್ಟುವವರೆಗೂ ಹೇಳಿದರು. ಎಂಥ ಕಥೆ! ಮುಗಿಯಬಾರದು ಎಂದು ಗಾಡಿ ನಿಧಾನ ಮಾಡಿದೆ. ಗಂಟಲು ಸರಿಯಿಲ್ಲ ಎಂದು ಕಾಣುತ್ತದೆ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕು.

ಏಪ್ರಿಲ್ ೨೦, ಭಾನುವಾರ

ಬೀಗರು ಬಂದಿದ್ದರು, ಅಳಿಯನನ್ನೂ ಕರೆದುಕೊಂಡು. ಅಳಿಯ ಕುರ್ಚಿಯಲ್ಲಿ ಕೂತು ನೆಲ ನೋಡತೊಡಗಿದ. ಬೀಗರು ಗಂಟಲು ಸರಿಮಾಡಿಕೊಂಡರು.

“ನಾವೇನು ಹೊಡೆದ್ವಾ? ಊಟಕ್ಕೆ ಕಮ್ಮಿ ಮಾಡಿದ್ವಾ? ಮಾತಾಡಿಸ್ಲಿಲ್ಲ ಅಂತ ಯಾರಾದ್ರೂ ಮನೆ ಬಿಟ್ಟು ಬರ್ತಾರಾ? ನಾಲ್ಕು ಜನರ ಮುಂದೆ ಹೇಳಿದ್ರೆ ನಗ್ತಾರೆ. ನೀವು ದೊಡ್ಡವರು, ನಿಮಗಾದ್ರೂ ಗೊತ್ತಾಗ್ಬೇಕು.”

ನನ್ನ ಬಾಯಿ ತುಂಬ ಮಾತಿತ್ತು. ಹದಿನೈದು ದಿನದಿಂದ ಕುದಿಯುತ್ತಿದ್ದ ಮಾತು, ಒಂದೊಂದೂ ಖಾರ. ಆಡಲು ಎದ್ದೂ ಆಗಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಮಗಳು ಕೈ ಒರೆಸಿಕೊಳ್ಳುತ್ತಾ ನಿಂತಿರುವುದು ಕಂಡಿತು. ಕೂತೆ.

ಅವಳು ಬಂದು ಗಂಡನ ಎದುರಿಗೆ ನಿಂತಳು.

“ನಾನು ನಿಮ್ಮನೆಗೆ ಬರಲ್ಲ. ನಾಳೆಯಿಂದ ಅಂಗಡಿಗೆ ಹೋಗ್ತಿದ್ದೀನಿ, ಕೇಳಿ ಬಂದಾಯ್ತು. ನಿಮಗೆ ನನ್ನ ಹತ್ರ ಏನಾದ್ರೂ ಹೇಳೋದಿದ್ರೆ ಈಗ ಹೇಳಿ. ಕೂತು ಕೇಳ್ತೀನಿ.”

ಹೀಗೆಂದು ಅವನ ಎದುರಿನ ಮಣೆಯ ಮೇಲೆ ಕೂತೇ ಬಿಟ್ಟಳು.

ಹೆಂಡತಿಯ ಕಾಲು ಯಂತ್ರದ ಮೇಲೆ ಹಾಗೇ ನಿಂತಿತ್ತು. ಮಾತಾಡಪ್ಪ, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಜಗಳವಾದರೂ ಆಡು. ಬೇಡ ಎಂದಾದರೂ ಅನ್ನು. ಅವಳ ಹೆಸರು ಒಂದಾದರೂ ಕರಿ. ನಿಜವಾಗಿಯೂ ಬೇಡಿಕೊಂಡೆ, ಯಾಕೆಂದರೆ ಮಗಳ ಕಣ್ಣಲ್ಲಿ ಇನ್ನೂ ಒಂದಿಷ್ಟು ಆಸೆ ಇತ್ತು. ತಂದೆಯಾದವನಿಗೆ ಅದು ಕಾಣುತ್ತದೆ.

ಅಳಿಯ ತಲೆ ಎತ್ತಿ ತನ್ನ ತಂದೆಯನ್ನು ನೋಡಿದ. ಎದ್ದ. ಅವಳ ಪಕ್ಕದಲ್ಲೇ ಹಾದು ಹೋಗಿ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡ.

ಬೀಗರು ನನ್ನ ಕಡೆ ತಿರುಗಿದರು. “ನೀವಾದ್ರೂ ಅವಳಿಗೆ ಬುದ್ಧಿ ಹೇಳ್ರಿ.”

“ಅವಳು ಹೇಳಿದ್ದು ನನಗೆ ಕೇಳಿಸ್ತು ಬೀಗರೇ,” ಎಂದೆ. “ಬಿಸಿಲು ಜೋರಾಗಿದೆ, ನೋಡ್ಕೊಂಡು ಹೋಗಿ.”

ಅವರು ಹೋದಮೇಲೆ ಮಗಳು ಅಲ್ಲೇ ಕೂತು ಅತ್ತಳು. ಹೆಂಡತಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸುಮಾರು ಹೊತ್ತಾದ ಮೇಲೆ ಮಗಳು ಕಣ್ಣೊರೆಸಿಕೊಂಡು, ನಾಳೆ ಅಂಗಡಿಗೆ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದಳು. ಅಲ್ಲಿಂದ ಅಂಗಡಿಯ ಯಜಮಾನರ ಸಿಡುಕು, ಹೊಸ ಥರದ ಗಾಜು, ಎರಡು ಕಣ್ಣಿಗೂ ಬೇರೆ ಬೇರೆ ನಂಬರ್ ಇದ್ದ ಅಜ್ಜಿ, ಒಂದರಿಂದ ಇನ್ನೊಂದು, ನಿಲ್ಲಿಸಲೇ ಇಲ್ಲ. ಚಹಾ ತಣ್ಣಗಾಯಿತು, ಇನ್ನೊಮ್ಮೆ ಕಾಸಿದೆವು, ಅದೂ ತಣ್ಣಗಾಯಿತು. ಮಧ್ಯೆ ಒಂದು ಮಾತು ತೂರಿಸಲು ನಮಗಿಬ್ಬರಿಗೂ ಸಂದಿಯೇ ಸಿಗಲಿಲ್ಲ.

ಇಷ್ಟು ಮಾತಾಡುವ ಹುಡುಗಿ ಎಂದು ನನಗೆ ಗೊತ್ತೇ ಇರಲಿಲ್ಲ. ಯಾರ ಬುದ್ಧಿ ಬಂದಿದೆಯೋ ಏನೋ.